ಕಮತಗಿಯ ಕೋಳಿಗಳು ಸುಮ್ಮನಾದದ್ದು

ಅಪಾಯವಿದೆ ಎಂದು ಹೇಳುವುದು ಸುಲಭ. ಬೆರಳು ಮಾಡಿ ತೋರಿಸಿದರಾಯಿತು. ಅಪಾಯವಿಲ್ಲ ಎಂದು ಹೇಳಬೇಕಾದವನ ಪಾಡೇ ಬೇರೆ. ಏನೂ ಆಗುತ್ತಿಲ್ಲ ಎಂಬುದನ್ನು ಅವನು ದಿನವೂ ನೋಡುತ್ತ ನಿಲ್ಲಬೇಕು. ಹಾಗೆ ನೋಡುತ್ತ ಹೋದರೆ, ಏನೂ ಆಗದಿರುವುದೇ ಹೆದರಿಕೆ ಹುಟ್ಟಿಸತೊಡಗುತ್ತದೆ. ಪಶುಸಂಗೋಪನೆ ಇಲಾಖೆಯಿಂದ ನಿವೃತ್ತನಾದ ನನಗೆ ಇದು ಗೊತ್ತಾದದ್ದು ಕಮತಗಿಯಾಚೆ, ರಾಜೇಸಾಬ ಎಂಬವರ ಕೋಳಿ ಫಾರ್ಮಿನಲ್ಲಿ. ಕಂಪನಿಯೊಂದು, ದಿನವೂ ನೋಡಿ ವರದಿ ಬರೆಯಲು ನನ್ನನ್ನು ನೇಮಿಸಿಕೊಂಡು, ಅಲ್ಲಿ ಹೊಸ ಪುಡಿಯ ಸುರಕ್ಷತೆ ಪರೀಕ್ಷಿಸುತ್ತಿತ್ತು. ಮೊಸರಿನಲ್ಲಿರುವಂಥ ಒಳ್ಳೆಯ ಸೂಕ್ಷ್ಮಜೀವಿಗಳ ಪುಡಿ. ಫೀಡಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆ ನೆಟ್ಟಗಿರುತ್ತದಂತೆ. ಒಂದು ಶೆಡ್ಡಿಗೆ ಬರೀ ಫೀಡು. ಇನ್ನೊಂದಕ್ಕೆ ಪುಡಿ, ಅದೂ ವಾಡಿಕೆಗಿಂತ ಹಲವು ಪಟ್ಟು. ಅಷ್ಟು ತಿಂದೂ ಏನೂ ಆಗದಿದ್ದರೆ ಪುಡಿ ಸುರಕ್ಷಿತ. ಏನಾದರೂ ಆದರೆ ಆ ಶೆಡ್ಡಿನ ಅಷ್ಟೂ ಕೋಳಿ ಗುಂಡಿಗೆ. ಗುಂಡಿಯನ್ನು ನಾನೇ ಮುಂಚಿತವಾಗಿ ತೋಡಿಸಿದ್ದೆ. ನನ್ನದು ಎಲ್ಲವೂ ಮುಂಚಿತ. ನೌಕರಿಯಲ್ಲಿದ್ದಾಗ ಹುನಗುಂದದಲ್ಲಿ ಸಿಬ್ಬಂದಿ ನನ್ನ ಸೈಕಲ್ ಬೆಲ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂದು ನಾನು ಹೇಳುತ್ತೇನೆ. ಅವರು ಬೇರೇನೋ ಹೇಳುತ್ತಾರೆ.

ಬೆಳಿಗ್ಗೆ ಪುಡಿಯ ಶೆಡ್ಡಿನ ಬಾಗಿಲು ತೆರೆದೆ. ಒಂದು ಸದ್ದಿಲ್ಲ. ಅಷ್ಟೂ ಕೋಳಿಗಳು ತಲೆ ಓರೆ ಮಾಡಿ, ಒಂದೊಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದವು. ಎಡಕ್ಕೆ ಸರಿದೆ, ಕಣ್ಣುಗಳೂ ಸರಿದವು. ಮರುದಿನವೂ ಅದೇ, ಅದರ ಮರುದಿನವೂ ಅದೇ.

"ಪುಡಿ ತಲಿಗೆ ಏರೇತಿ, ರಾಜೇಸಾಬ. ನಾ ಹಂಗಽ ಬರೀತೇನಿ," ಎಂದೆ.

"ಹಂಗ ಬರದ್ರ ನಾ ಮುಳುಗಿದ್ನಿ, ಸರ್. ತಿಂತಾವ, ತೂಕ ಬರ್ತಾವ, ಹಿಕ್ಕಿ ಗಟ್ಟಿ ಐತಿ. ಇನ್ನೇನ್ ನಿಮ್ಮನ್ನ ನೋಡಿ ನಗಬೇಕೇನ್ರಿ ಅವು? ಆ ಕಡಿ ಶೆಡ್ಡಿನ್ಯಾಗಿನವು ಹೆಂಗದಾವ?"

"ಅವೂ ಸುಮ್ಮನಽ ಅದಾವ. ಆದ್ರ ಅದು ಶಿಸ್ತು."

ರಾಜೇಸಾಬ ತಲೆ ಸ್ವಲ್ಪ ಓರೆ ಮಾಡಿ ನನ್ನನ್ನೇ ನೋಡಿದರು.

ಕೊನೆಯ ಬಾರಿ ನೋಡಿಬಿಡೋಣವೆಂದು ಪುಡಿಯ ಶೆಡ್ಡಿಗೆ ಹೋಗಿ, ಅದೇ ಮೌನವನ್ನು ಕಂಡು, ಹೊರಬಂದು ಔಷಧದ ನೀರಿನಲ್ಲಿ ಬೂಟು ಅದ್ದುತ್ತಿದ್ದೆ. ಬೆನ್ನ ಹಿಂದೆ ಸಂತೆಯಂಥ ಗದ್ದಲವೆದ್ದಿತು. ಬಾಗಿಲು ತೆರೆದೆ, ನಿಂತಿತು. ಮುಚ್ಚಿದೆ, ಎದ್ದಿತು. ಪುಡಿ ತಿನ್ನದ ಶೆಡ್ಡಿಗೆ ನಡೆದೆ. ಅಲ್ಲೂ ಹಾಗೆಯೇ.

ರಾಜೇಸಾಬರ ಹೆಂಡತಿ ಹುಸೇನಬಿ ಬಕೆಟ್ಟು ಹಿಡಿದು ನಿಂತು ನೋಡುತ್ತಿದ್ದರು. "ಹೇಳಬಾರದಂತ ಸುಮ್ನಿದ್ದೆ, ಸಾಹೇಬ್ರ. ನೀವು ಬಂದ್ರ ನಮ್ಮ ಎಮ್ಮೀನೂ ಮೆಲುಕು ಹಾಕೂದು ಬಿಡ್ತೈತಿ."

ಪುಡಿಯಿಂದ ಯಾವ ಬಾಧೆಯೂ ಕಾಣಲಿಲ್ಲ ಎಂದು ವರದಿ ಬರೆದೆ. ಗುಂಡಿಯನ್ನು ರಾಜೇಸಾಬ ಅಂದೇ ಮುಚ್ಚಿಸಿದರು. ನನ್ನ ಮನಸ್ಸು ಎಲ್ಲಿ ಬದಲಾದೀತೋ ಎಂಬಂತೆ ಮೇಲೆ ನಿಂತು ಮಣ್ಣು ತುಳಿಸಿದರು.

ಸಂಜೆ ಮನೆ ತಲುಪಿದಾಗ ಪಡಸಾಲೆಯಿಂದ ನಗು ಕೇಳುತ್ತಿತ್ತು. ಹೆಂಡತಿ, ಸೊಸೆ, ಮೊಮ್ಮಕ್ಕಳು, ಎಲ್ಲರದೂ. ಬಾಗಿಲು ತೆರೆದೆ. ಒಂದು ಸದ್ದಿಲ್ಲ. ಎಲ್ಲರ ತಲೆಯೂ ನನ್ನ ಕಡೆ ಹೊರಳಿತ್ತು. ಬೂಟು ಬಿಚ್ಚಲು ಎಡಕ್ಕೆ ಸರಿದೆ, ಕಣ್ಣುಗಳೂ ಸರಿದವು.

ನಮ್ಮ ಮನೆಯಲ್ಲಿ ಆ ಪುಡಿ ತಿಂದವರು ಯಾರೂ ಇಲ್ಲ.