ಎರಡನೆಯ ಚೀಲ

ಶಾಲೆಯ ಅಚ್ಚುಕಟ್ಟು ನಿಯಮಾವಳಿಯ ಮೊದಲನೆಯ ನಿಯಮ ಹೀಗಿದೆ: ‘ಒಬ್ಬ ವಿದ್ಯಾರ್ಥಿಗೆ ಒಂದೇ ಚೀಲ.’ ಮಕ್ಕಳಲ್ಲಿ ಶಿಸ್ತಿನ ಅಧ್ಯಯನದ ಅಭ್ಯಾಸ ಬೆಳೆಸುವ ಸಲುವಾಗಿ ಇದನ್ನು ಜಾರಿಗೆ ತರಲಾಯಿತು. ಪ್ರತಿ ಶುಕ್ರವಾರ ಚೀಲಗಳ ತಪಾಸಣೆ. ನೂರಕ್ಕೆ ಐವತ್ತು ಅಚ್ಚುಕಟ್ಟು ಅಂಕ ಬಾರದವರಿಗೆ ವಾರ್ಷಿಕ ಪರೀಕ್ಷೆಗೆ ಪ್ರವೇಶವಿಲ್ಲ.

ಮೊದಲ ಶುಕ್ರವಾರ ಏಳನೆಯ ತರಗತಿಯ ಗುಬ್ಬಿಗೆ ಸೊನ್ನೆ ಬಂತು. ಅವಳ ಚೀಲದಲ್ಲಿ ಪೆನ್ಸಿಲ್ ಸಿಪ್ಪೆ, ಮೂರು ಒಣಗಿದ ಎಲೆ ಮತ್ತು ಅಂಚಿನವರೆಗೂ ಗೀಚಿದ ಗಣಿತದ ನೋಟ್‌ಬುಕ್ ಪತ್ತೆಯಾದವು. ತರಗತಿಯ ಮೇಷ್ಟ್ರು ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

“ಏನಮ್ಮ ಇದು?”

“ಲೆಕ್ಕ ಸಾರ್. ನಾಲ್ಕು ಸಲ ತಪ್ಪಾಯ್ತು, ಐದನೇ ಸಲ ಬಂತು.”

“ಬಂತು, ಸಂತೋಷ. ನಾಲ್ಕು ಸಲ ತಪ್ಪಾಗಿದ್ದು ನೋಡಿದವರಿಗೆಲ್ಲ ಕಾಣುತ್ತಲ್ಲ!”

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ: ‘ಬಳಸಿದ ಪುಸ್ತಕವು ಬಳಸಿದಂತೆ ಕಾಣತಕ್ಕದ್ದಲ್ಲ.’

ಪೋಷಕರು ಜವಾಬ್ದಾರಿಯುತರಾದ್ದರಿಂದ ವಾರದೊಳಗೆ ಗುಬ್ಬಿಯೊಬ್ಬಳನ್ನು ಬಿಟ್ಟು ಪ್ರತಿ ಮಗುವಿಗೂ ಎರಡನೆಯ ಚೀಲ ಬಂತು. ಅದರಲ್ಲಿ ಹೊದಿಕೆ ಹಾಕಿದ ಹೊಸ ನೋಟ್‌ಬುಕ್ಕುಗಳು, ಒಂದೇ ಉದ್ದದ ನಾಲ್ಕು ಪೆನ್ಸಿಲ್. ಓದುವ ಚೀಲ ಮನೆಯಲ್ಲೇ ಉಳಿಯಿತು. ತೆರೆದರೆ ಜೋಡಣೆ ಕೆಡುವುದೆಂದು ಪಾಠದ ವೇಳೆ ಚೀಲ ತೆರೆಯುವುದನ್ನು ಮೇಷ್ಟ್ರು ನಿಷೇಧಿಸಿದರು. ತರಗತಿಯ ಸರಾಸರಿ ಅಂಕ ತೊಂಬತ್ತೇಳಕ್ಕೇರಿತು.

ಆ ಚೀಲಗಳನ್ನೆಲ್ಲ ಹೊಲಿದವಳು ಗುಬ್ಬಿಯ ಅಮ್ಮನೇ.

“ಊರ ಮಕ್ಕಳಿಗೆಲ್ಲ ಹೊಲಿದೆ. ನಿನಗೊಂದು ಹೊಲಿಯೋಕೆ ನನ್ನ ಕೈ ಏನು ಬಿದ್ದುಹೋಗಿದೆಯಾ?”

“ನಿಯಮದಲ್ಲಿ ಒಂದೇ ಅಂತಿದೆಯಲ್ಲಮ್ಮ.”

“ಅದನ್ನ ಬರೆದ ಹೆಡ್‌ಮೇಡಮ್ಮೇ ಬಂದು ಮಗನಿಗೊಂದು ಹೊಲಿಸಿಕೊಂಡು ಹೋದ್ರು ಕಣೇ!”

“ನನ್ನ ಲೆಕ್ಕ ಎಲ್ಲಾ ಈ ಚೀಲದಲ್ಲಿದೆ.”

“ಪರೀಕ್ಷೆಗೇ ಕೂರಿಸದಿದ್ರೆ ಆ ಲೆಕ್ಕಾನ ಯಾರಿಗೆ ತೋರಿಸ್ತೀಯ, ಗೋಡೆಗಾ?” ಅಮ್ಮ ದಾರವನ್ನು ಹಲ್ಲಲ್ಲಿ ಕಡಿದಳು.

ಗುಬ್ಬಿ ನೋಟ್‌ಬುಕ್ಕನ್ನು ಮತ್ತೆ ತನ್ನ ಚೀಲಕ್ಕೇ ತುರುಕಿದಳು. ಪರೀಕ್ಷೆ ಬರೆಯಬೇಕೆಂದೇ ಅವಳು ವರ್ಷವಿಡೀ ಗೀಚಿದ್ದು.

ವರ್ಷದ ಕೊನೆಗೆ ತಪಾಸಣಾಧಿಕಾರಿ ಬಂದರು. ಕರಿಹಲಗೆಯ ಮೇಲೆ ಮೇಷ್ಟ್ರು ಅಲಂಕಾರಕ್ಕೆಂದು ಮುತ್ತಿನಂಥ ಅಕ್ಷರದಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದರು. ಅಧಿಕಾರಿ ಮೂವತ್ತೆಂಟು ಚೀಲ ತೆರೆಸಿ, ನೋಟ್‌ಬುಕ್ಕುಗಳ ಬಿಳಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

“ಅದ್ಭುತ! ಹುಡುಕಿದರೂ ಒಂದು ತಪ್ಪಿಲ್ಲ.”

“ತಪ್ಪಿಗೆ ನಾವು ಜಾಗವನ್ನೇ ಕೊಟ್ಟಿಲ್ಲ ಸಾರ್,” ಎಂದು ಹೆಡ್‌ಮೇಡಂ ವಿನಯದಿಂದ ನುಡಿದರು.

ಮೂವತ್ತೊಂಬತ್ತನೆಯವಳು ಗುಬ್ಬಿ. ಮೇಷ್ಟ್ರು ಶಾಲೆಯ ಮಾದರಿ ಚೀಲವನ್ನು ಅವಳ ಮುಂದಕ್ಕೆ ಮೆಲ್ಲನೆ ಸರಿಸಿ ಪಿಸುಗುಟ್ಟಿದರು: “ನಂದೇ ಅನ್ನು, ಸಾಕು. ಐವತ್ತಲ್ಲ, ನೂರು ಕೊಡ್ತೀನಿ. ಪರೀಕ್ಷೆ ಬರೀಬೇಕೋ ಬೇಡ್ವೋ?”

“ಇದು ನಿನ್ನ ಚೀಲವೇನಮ್ಮ?” ಅಧಿಕಾರಿ ಕೇಳಿದರು.

“ಅಲ್ಲ ಸಾರ್. ನಂಗಿರೋದು ಒಂದೇ ಚೀಲ.”

ಅಧಿಕಾರಿ ಗಂಭೀರರಾಗಿ ನಿಯಮಾವಳಿಯ ಪ್ರತಿಯನ್ನು ಕೈಗೆತ್ತಿಕೊಂಡರು. ಪ್ಲಾಸ್ಟಿಕ್ ಹೊದಿಕೆ ಹರಿಯಬಾರದೆಂದು ತೆರೆಯಲಿಲ್ಲ. ಬಳಿಕ ವರದಿಯಲ್ಲಿ ಬರೆದರು: ‘ನಿಯಮಕ್ಕೆ ಹೊಂದಿಕೊಳ್ಳದವರು: ಒಬ್ಬರು. ಪರೀಕ್ಷೆಗೆ ಅನರ್ಹರು. ಉಳಿದಂತೆ ಶಾಲೆಯು ರಾಜ್ಯಕ್ಕೇ ಮಾದರಿ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತೆಂಟು ಚೀಲಗಳ ಜಿಪ್ಪು ಒಟ್ಟಿಗೇ ಮುಚ್ಚಿಕೊಂಡವು.

ಗುಬ್ಬಿ ಮಾದರಿ ಚೀಲವನ್ನು ಬೆಂಚಿನ ತುದಿಗೆ ತಳ್ಳಿ, ತನ್ನದನ್ನು ಡೆಸ್ಕಿನ ಮೇಲೆ ಬೋರಲು ಹಾಕಿದಳು. ಸಿಪ್ಪೆಯ ರಾಶಿಯಲ್ಲಿ ಹೆಬ್ಬೆರಳುದ್ದದ ಪೆನ್ಸಿಲ್ ಹುಡುಕಿ, ಊದಿ, ಕರಿಹಲಗೆಯ ಮೇಲಿನ ಲೆಕ್ಕವನ್ನು ಮಾಡತೊಡಗಿದಳು. ತಪ್ಪಾಯಿತು. ಹೊಡೆದುಹಾಕಿ, ಅದರ ಕೆಳಗೇ ಮತ್ತೆ ಶುರುಮಾಡಿದಳು.