ಹೊಲಿಗೆಯಿಲ್ಲದ ಆಪರೇಶನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಮಗುವಿನ ಎದೆಯ ಮೇಲೆ ಒಂದು ಹೊಲಿಗೆಯೂ ಇಲ್ಲದಿದ್ದದ್ದು.

ತುಂಗಭದ್ರಾ ಡ್ಯಾಂ ಕಾಲುವೆ ಕಚೇರಿಯ ಶಂಭುಲಿಂಗನ ಆರು ವರ್ಷದ ಮಗಳು ಶಾಂಭವಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತು. ಡಾಕ್ಟರು ತೊಡೆಯ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಪುಟ್ಟ ಕೊಡೆಯಂಥದ್ದನ್ನು ಒಳಗೆ ಬಿಚ್ಚಿ ತೂತು ಮುಚ್ಚಿದ್ದರು. ಒಂದು ತಿಂಗಳು ಓಡಬಾರದು, ಜಿಗಿಯಬಾರದು ಎಂದು ಹೇಳಿ ಮೂರೇ ದಿನಕ್ಕೆ ಮನೆಗೆ ಕಳಿಸಿದ್ದರು.

ಕಚೇರಿ ಕ್ವಾರ್ಟರ್ಸಿನ ಪದ್ಧತಿಯೆಂದರೆ, ರೋಗಿಯನ್ನು ನೋಡಲು ಬ್ರೆಡ್ಡು ಹಿಡಿದು ಬಂದವರು ಹೊಲಿಗೆ ಎಣಿಸಿ, "ಅಯ್ಯೋ ಶಿವನೇ" ಎಂದು ಹೋಗಬೇಕು. ಮೊದಲು ಬಂದವಳು ಪಕ್ಕದ ಮನೆಯ ಜಂಬಕ್ಕ, ಶಂಭುಲಿಂಗನನ್ನೂ ಎತ್ತಿ ಆಡಿಸಿದವಳು.

"ಎಲ್ಲೈತಿ ಹೊಲಿಗಿ?"

"ಇಲ್ಲ ಜಂಬಕ್ಕ. ತೊಡಿ ಕಡೆಯಿಂದ ಹೋಗ್ಯಾರ."

"ಹೊಸಪೇಟಿಗೆ ಹೋಗಾಕ ಸಂಡೂರು ಸುತ್ತಿದ್ರೇನು? ಕೂಸಿಗೆ ಏನೂ ಆಗಿಲ್ಲ ಬಿಡಲೇ. ಹೋಗವ್ವ, ಆಡ್ಕ್ಯಾ ಹೋಗು!"

ಶಾಂಭವಿ ಲಗೋರಿಗೆ ಹಾರಿಯೇಬಿಟ್ಟಳು. ಶಂಭುಲಿಂಗನ ಜೀವ ಬಾಯಿಗೆ ಬಂತು. ಅವಳನ್ನು ಎತ್ತಿ ತಂದು, ಹೆಂಡತಿ ಅನ್ನಪೂರ್ಣ ಬೇಡವೆಂದರೂ ಕೇಳದೆ, ಎದೆಯ ತುಂಬ ಬ್ಯಾಂಡೇಜು ಸುತ್ತಿದ.

ಮಧ್ಯಾಹ್ನಕ್ಕೆ ಬ್ರೆಡ್ಡು ಅಣೆಕಟ್ಟಿನ ಎತ್ತರ ಬೆಳೆಯಿತು. ಬ್ಯಾಂಡೇಜು ನೋಡಿ ಜಂಬಕ್ಕನೂ ಕಣ್ಣೊರೆಸಿಕೊಂಡಳು: "ನಿಮ್ಮಪ್ಪನೂ ಹಿಂಗ ಕುಂತಿರ್ತಿದ್ದ ನೋಡವ್ವ, ಮೈಗಳ್ಳ! ಎಲ್ಲಾರೂ ಆಡಾಕ ಹೋದ್ರ ಇವ ಅವ್ರ ಚಪ್ಲಿ ಕಾಯ್ತಿದ್ದ."

ಶಂಭುಲಿಂಗನಿಗೆ ಕಾಲುವೆ ಏರಿಯ ಹುಣಸೆ ನೆರಳು ನೆನಪಾಯಿತು. ತೂಬು ಎತ್ತಿದಾಗಿನ ಹೊಸ ನೀರಿನ ವಾಸನೆ, ಗೆಳೆಯರ ಕೂಗು, ಮಡಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ. ಹತ್ತು ಹೆಜ್ಜೆ ಓಡಿದರೆ ಉಸಿರು ಕಟ್ಟುತ್ತಿತ್ತು. ಆದರೂ ಎಂಥ ಚಂದದ ಸಂಜೆಗಳು!

ಅಷ್ಟರಲ್ಲಿ ಮಗಳು ಮತ್ತೆ ಓಡಿದಳು. ಬ್ಯಾಂಡೇಜು ಬಾಲದಂತೆ ಹಿಂದೆ ಹೋಯಿತು.

"ಸುಳ್ಳ!" ಎನ್ನುತ್ತ ಜಂಬಕ್ಕ ತನ್ನ ಬ್ರೆಡ್ಡು ಎತ್ತಿಕೊಂಡಳು. ಬೆನ್ನಟ್ಟಿದ ಶಂಭುಲಿಂಗ ಹತ್ತನೇ ಹೆಜ್ಜೆಗೆ ಎದೆ ಹಿಡಿದು ಕುಸಿದ. "ಈಗ ಇವಂದು ನಾಟಕ!" ಎಂದಳು ಜಂಬಕ್ಕ.

ಮರುದಿನ ಮಗಳ ತಪಾಸಣೆಯಲ್ಲಿ, ಏದುಸಿರು ಬಿಡುತ್ತಿದ್ದ ಅಪ್ಪನನ್ನೂ ಡಾಕ್ಟರು ಪರೀಕ್ಷಿಸಿದರು. ಅವನಿಗೂ ಹುಟ್ಟಿನಿಂದಲೇ ಅದೇ ತೂತು! ಶಂಭುಲಿಂಗ ಹೆದರಲಿಲ್ಲ, ಹಿಗ್ಗಿದ. ನಲವತ್ತು ವರ್ಷ ಹೊತ್ತ ಮೈಗಳ್ಳನೆಂಬ ಹೆಸರು ಸುಳ್ಳಾಗಿತ್ತು. ಜಂಬಕ್ಕನಿಗೆ ಹೇಳಬೇಕು!

ಮೂರು ವಾರಕ್ಕೆ ಅವನ ಹೃದಯದಲ್ಲೂ ಕೊಡೆ ಬಿಚ್ಚಿತು. ಮನೆಗೆ ಬಂದಾಗ ಜಂಬಕ್ಕ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲೈತಿ ಹೊಲಿಗಿ?"

ಅವನು ಕಟ್ಟೆಯ ಮೇಲೆ ಕೂತು ತೊಡೆ ತೋರಿಸಿದ.

"ಹಂಗಾರ ಏಳಲೇ, ನಮ್ಮನಿ ಗ್ಯಾಸ್ ಸಿಲಿಂಡರ್ ಒಳಗಿಡು. ಮೈಗಳ್ಳ!"

ಅಷ್ಟರಲ್ಲಿ ಶಾಂಭವಿ ಓಡಿಬಂದಳು. "ಅಪ್ಪಾ, ನಂದು ತಿಂಗ್ಳು ಮುಗೀತು. ನೀ ಹೆಂಗೂ ಓಡಂಗಿಲ್ಲಲ್ಲ, ಇವನ್ನ ಕಾಯ್ತಿರು."

ಅವನ ಮಡಿಲಿಗೆ ಹನ್ನೊಂದು ಜೊತೆ ಚಪ್ಪಲಿ ಬಿದ್ದವು.