ಮೂರು ಹಗ್ಗದ ಟಗರು

ಕಾನಹೊಸಹಳ್ಳಿ ಹೋಬಳಿಯ ಬಿಳಿಕಲ್ಲಹಟ್ಟಿ ಗ್ರಾಮ ಪಂಚಾಯಿತಿಯಲ್ಲಿ ಸರ್ಕಾರದ ಮೂರೂ ಅಂಗಗಳು ಸುಸ್ಥಿತಿಯಲ್ಲಿವೆ ಎಂದು ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ. ಅಧ್ಯಕ್ಷ ಪಂಚಾಕ್ಷರಪ್ಪನವರು ಶಾಸಕಾಂಗ. ಪಿಡಿಒ ಅರುಣಕುಮಾರ್ ಕಾರ್ಯಾಂಗ. ಸಾಮಾಜಿಕ ನ್ಯಾಯ ಸಮಿತಿಯ ಏಕಾಂತಪ್ಪನವರು, ಸಮಿತಿಯ ಹೆಸರಲ್ಲೇ ನ್ಯಾಯವಿರುವುದರಿಂದ, ನ್ಯಾಯಾಂಗ. ನಾನು ಊರಿಗೆ ನೀರು ಬಿಡುವ ನೀರಗಂಟಿ. ಯಾವ ಅಂಗಕ್ಕೂ ಸೇರಿದವನಲ್ಲ, ಆದ್ದರಿಂದ ನಾನು ಹೇಳುವುದನ್ನು ನಿಜವೆಂದೇ ತಿಳಿಯತಕ್ಕದ್ದು.

ಕೂಡ್ಲಿಗಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ಮೂವರ ನಡಿಗೆಯೇ ಬದಲಾಗಿತ್ತು. ಒಂದು ಅಂಗ ಇನ್ನೊಂದನ್ನು ಅಂಕೆಯಲ್ಲಿಡಬೇಕು ಎಂದು ಅಲ್ಲಿ ಹೇಳಿಕೊಟ್ಟರಂತೆ. ಊಟಕ್ಕೆ ಹೋಳಿಗೆಯೂ ಇತ್ತಂತೆ. ಬಂದವರೇ ಠರಾವು ಬರೆದರು: 'ಯಾವುದೇ ಅಂಗವು ಕೆಲಸ ಮಾಡಲು ಹೊರಟಲ್ಲಿ ಉಳಿದೆರಡು ಅಂಗಗಳು ಕೂಡಲೇ ತಡೆಯತಕ್ಕದ್ದು.' ಮೂವರೂ ಸಹಿ ಹಾಕಿ, ಮೊಹರು ಒಣಗಲೆಂದು ಹಾಳೆಯನ್ನು ಕಿಟಕಿಯಲ್ಲಿಟ್ಟರು. ಅದೇ ಹೊತ್ತಿಗೆ ಊರೂರು ಅಲೆಯುವ ಕುರಿಗಾಹಿ ಓಬಮ್ಮನ ಹಿಂಡು ಆ ದಾರಿಯಲ್ಲಿ ಬಂತು. ಮುಂದಿದ್ದ ಟಗರು ಕಿಟಕಿಗೆ ಮೂತಿ ತೂರಿಸಿ, ಠರಾವನ್ನು ಸರ್ವಾನುಮತದಿಂದ ತಿಂದಿತು.

"ಕಾನೂನು ಅದರ ಹೊಟ್ಟ್ಯಾಗ ಐತಿ. ಕಾನೂನು ಮಾಡಿದಾವ್ರು ನಾವು, ಹಂಗಾಗಿ ಟಗರು ನಮ್ಮದು" ಎಂದರು ಅಧ್ಯಕ್ಷರು.

"ಕಚೇರಿ ಕಡತ ಕಾರ್ಯಾಂಗದ ವಶದಾಗ ಇರಬೇಕ್ರಿ" ಎಂದು ಪಿಡಿಒ ಟಗರಿನ ಬೆನ್ನಿಗೆ ಮೊಹರು ಒತ್ತಿ, ಆವಕ ಸಂಖ್ಯೆ ಬರೆದರು.

"ಒಳಗ ಏನು ಬರದೈತಿ ಅಂತ ಅರ್ಥ ಹೇಳಾವ ನಾನು" ಎಂದು ಏಕಾಂತಪ್ಪನವರು ಟಗರಿನ ಹೊಟ್ಟೆಗೆ ಕಿವಿಯಿಟ್ಟರು.

ಹೀಗೆ ಟಗರಿನ ಕೊರಳಿಗೆ ಮೂರು ಹಗ್ಗ ಬಿದ್ದವು. ಒಬ್ಬರು ಎಳೆದರೆ ಇನ್ನಿಬ್ಬರು ಹಿಂದಕ್ಕೆ ಜಗ್ಗಬೇಕು. ಕಾರ್ಯಾಂಗ ಮೇವು ಮಂಜೂರು ಮಾಡಿತು, ಶಾಸಕಾಂಗ ಅದನ್ನು ತಡೆದು ತನ್ನದೇ ಮೇವು ತರಿಸಿತು, ನ್ಯಾಯಾಂಗ ಎರಡಕ್ಕೂ ತಡೆಯಾಜ್ಞೆ ನೀಡಿ ಮಧ್ಯಂತರ ಹುರುಳಿ ಹಾಕಿತು. ತಡೆಯುವಷ್ಟರಲ್ಲಿ ಟಗರು ಮೂರನ್ನೂ ಮುಗಿಸಿರುತ್ತಿತ್ತು. ಪ್ರಜಾಪ್ರಭುತ್ವದಲ್ಲಿ ಮೈ ತುಂಬಿಕೊಂಡ ಜೀವವನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಓಬಮ್ಮನಿಗೆ ಮಾತ್ರ ಹೆಮ್ಮೆಯಾಗಲಿಲ್ಲ.

"ಅಮಾಸಿ ಒಳಗ ಚಿಗಟೇರಿ ಮುಟ್ಟಬೇಕ್ರಿ ಯಪ್ಪಾ. ಗುರುಬಸವರಾಜಪ್ಪಾರ ಹೊಲದಾಗ ಕುರಿ ತರುಬ್ತೀನಿ ಅಂತ ಮಾತು ಕೊಟ್ಟೀನಿ. ಟಗರು ಹೆಜ್ಜಿ ಕೀಳದಿದ್ರ ಒಂದು ಮರಿನೂ ಅಲುಗಂಗಿಲ್ಲ."

ಹಿಂಡು ರಾತ್ರಿ ಹೊಲದಲ್ಲಿ ತಂಗಿದರೆ ಹೊಲಕ್ಕೆ ಗೊಬ್ಬರ, ಓಬಮ್ಮನಿಗೆ ವರ್ಷದ ಜೋಳ. ತಡವಾದರೆ ಇನ್ನೊಬ್ಬರ ಹಿಂಡು ಬಂದು ಕೂರುತ್ತದೆ. ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. ಎಂಬತ್ತು ಕುರಿ ಪಂಚಾಯಿತಿ ಕಟ್ಟೆಯ ಸುತ್ತ ಮಲಗಿ ಮೆಲುಕು ಹಾಕುತ್ತಿದ್ದವು.

"ಅರ್ಜಿ ಕೊಡಬೇ" ಎಂದರು ಪಿಡಿಒ. "ಅದನ್ನ ಇವರಿಬ್ರೂ ತಡೀತಾರ."

"ತಡೀಲಿಲ್ಲಂದ್ರ?"

"ತಡೀದಿದ್ರ ಅದು ಕರ್ತವ್ಯಲೋಪ."

ಓಬಮ್ಮ ಎರಡು ದಿನ ಕಟ್ಟೆಯ ಮೇಲೆ ಕೂತು ಮೂರು ಹಗ್ಗಗಳನ್ನೇ ನೋಡಿದಳು. ಮೂರನೆಯ ದಿನ ಬೆಳಿಗ್ಗೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಟಗರು ನಿಮ್ಮ ಕೈ ಬಿಟ್ಟು ಹೋಗಬಾರದು, ಅಷ್ಟ ಹೌದಿಲ್ರಿ?"

"ಅಷ್ಟ" ಎಂದರು ಮೂವರೂ. ಮೂರು ಅಂಗಗಳು ಒಂದೇ ಮಾತು ಆಡಿದ್ದು ಅದೊಂದೇ ಸಲ.

"ಹಂಗಾರ ಬಿಡಬ್ಯಾಡ್ರಿ, ಗಟ್ಟಿ ಹಿಡಕೊಳ್ರಿ."

ಓಬಮ್ಮ ನಾಲಿಗೆ ಮಡಿಚಿ ಸಿಳ್ಳೆ ಹಾಕಿದಳು. ಕೊಬ್ಬಿದ ಟಗರು ಎದ್ದು ಚಿಗಟೇರಿ ದಿಕ್ಕಿಗೆ ಹೊರಟಿತು, ಎಂಬತ್ತು ಕುರಿ ಹಿಂದೆ ಬಿದ್ದವು. ಹಗ್ಗ ಬಿಟ್ಟವರ ಅಂಗ ದುರ್ಬಲವಾಗುತ್ತದೆಂಬ ಭಯಕ್ಕೆ ಮೂವರೂ ಓಡಿದರು. ಅಧ್ಯಕ್ಷರ ಒಂದು ಚಪ್ಪಲಿ ಅಲ್ಲೇ ಉಳಿಯಿತು. "ಯಾರಾದ್ರೂ ಆಕಿನ್ನ ತಡೀರೋ!" ಎಂದು ಪಿಡಿಒ ಕೂಗಿದರು. ಆದರೆ ಠರಾವಿನ ಪ್ರಕಾರ ಅಂಗಗಳು ಅಂಗಗಳನ್ನಷ್ಟೇ ತಡೆಯಬಹುದು. ಓಬಮ್ಮ ಯಾವ ಅಂಗವೂ ಅಲ್ಲದ ಕಾರಣ, ಅವಳನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ.

ಕೊಟ್ಟೂರು ಪೇಟೆಯಲ್ಲಿ ಜನ ಇದೊಂದು ಹರಕೆಯೆಂದು ತಿಳಿದು ಮೂವರಿಗೂ ಮಂಡಕ್ಕಿ ಕೊಟ್ಟರು. ಅಮಾವಾಸ್ಯೆಯ ಹಿಂದಿನ ದಿನ ಹಿಂಡು ಚಿಗಟೇರಿ ಮುಟ್ಟಿತು. ಗುರುಬಸವರಾಜಪ್ಪ ಬದುವಿನ ಮೇಲೆ ನಿಂತು ಎಣಿಸಿದರು.

"ಏನವ್ವಾ, ಮೂರು ಹೆಚ್ಚಿಗಿ ಅದಾವಲ್ಲ?"

"ಅವು ಸರ್ಕಾರ್ರಿ. ಮೇಯಂಗಿಲ್ಲ, ಹಾಯಂಗಿಲ್ಲ. ಒಂದನ್ನೊಂದು ಕಾಯ್ಕೊಂತ ಬಿದ್ದಿರ್ತಾವ."

ಓಬಮ್ಮನಿಗೆ ಜೋಳ ಸಿಕ್ಕಿತು. ಕಚೇರಿ ಬಾಗಿಲಿಗೆ ಈ ಪ್ರಕಟಣೆಯನ್ನು ನಾನೇ ಅಂಟಿಸಿದೆ: 'ಮುಂದಿನ ಆದೇಶದವರೆಗೆ ಪಂಚಾಯಿತಿಯು ಹಿಂಡಿನೊಂದಿಗೆ ಕಾರ್ಯನಿರ್ವಹಿಸುತ್ತದೆ. ಸಾರ್ವಜನಿಕರು ಸಹಕರಿಸಬೇಕು.' ಸಾರ್ವಜನಿಕರು ಸಹಕರಿಸಿದರು. ಮನೆ ಖಾತೆಗಾಗಿ ನಾಲ್ಕು ವರ್ಷ ಅಲೆದಿದ್ದ ಕೆಂಚಕ್ಕ ಮೊನ್ನೆ ಹೊಲಕ್ಕೇ ಹೋಗಿ ಸಹಿ ಹಾಕಿಸಿಕೊಂಡು ಬಂದಳು.

"ಮೊದ್ಲು ಸಾಹೇಬ್ರು ಎಲ್ಲಿ ಅದಾರ ಅಂತ ಯಾರಿಗೂ ಗೊತ್ತಿರ್ತಿದ್ದಿಲ್ಲ ನೋಡಪ್ಪ" ಎಂದಳು. "ಈಗ ಕುರಿ ಹಿಕ್ಕಿ ನೋಡ್ಕೊಂತ ಹೋದ್ರ ಸಿಗ್ತಾರ."